1966ರ ಬೀಟಲ್: ಪೆಟ್ರೋಲ್ ಟ್ಯಾಂಕ್ ಒಳಗೆಲ್ಲ ತುಕ್ಕು. ತೊಳೆಯೋದಾ, ಬದಲಿಸೋದಾ?

ಕರಾವಳಿ_ಗಾಲಿ:

ಗಾಡಿ: ಫೋಕ್ಸ್‌ವ್ಯಾಗನ್ ಬೀಟಲ್ 1300, 1966ರ ಮಾಡೆಲ್, 6 ವೋಲ್ಟ್, ಕಾರ್ಬುರೇಟರ್ ಸೋಲೆಕ್ಸ್ 30 ಪಿಕ್ಟ್. ಇರೋದು ಮಂಗಳೂರಲ್ಲಿ. ಮೂರು ಮಳೆಗಾಲ ಶೆಡ್ಡಲ್ಲೇ ನಿಂತಿತ್ತು, ಟ್ಯಾಂಕಲ್ಲಿ ಕಾಲು ಭಾಗ ಪೆಟ್ರೋಲ್ ಹಾಗೇ ಇತ್ತು.

ಈಗಿನ ತೊಂದರೆ: ಸ್ಟಾರ್ಟ್ ಚೆನ್ನಾಗಿ ಆಗ್ತದೆ, ಊರೊಳಗೆ ಓಡ್ತದೆ. ಹೈವೇಯಲ್ಲಿ 60 ದಾಟಿ ಹತ್ತು ನಿಮಿಷಕ್ಕೆ ಎಳೆತ ಕಡಿಮೆಯಾಗಿ ನಿಂತುಬಿಡ್ತದೆ. ಐದು ನಿಮಿಷ ಬಿಟ್ಟು ಕೀ ಹಾಕಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಫಿಲ್ಲರ್ ಬಾಯಿಂದ ಟಾರ್ಚ್ ಬಿಟ್ಟು ನೋಡಿದರೆ ಮೇಲ್ಛಾವಣಿಯೆಲ್ಲ ಕೆಂಪು, ತಳದಲ್ಲಿ ಕಾಫಿ ಗಸಿಯಂಥ ಕಸ.

ವರ್ಕ್‌ಶಾಪಿನವರು "ಟಾಯ್ಲೆಟ್ ಆಸಿಡ್ ಹಾಕಿ ಕುಲುಕಿದರೆ ಸಾಕು, ತೂತು ಬಿದ್ದರೆ ಎಪಾಕ್ಸಿ ಪುಟ್ಟಿ ಮೆತ್ತುವ" ಅಂತಿದ್ದಾರೆ. ಅದಕ್ಕೆ ಮನಸ್ಸಿಲ್ಲ. ಕೇಳಬೇಕಾದ್ದು ಮೂರು: ಈ ಟ್ಯಾಂಕ್ ಉಳಿಸಬಹುದೋ ಇಲ್ಲವೋ ಅಂತ ಹೇಗೆ ತೀರ್ಮಾನ ಮಾಡೋದು? ಉಳಿಸಬಹುದಾದರೆ ಯಾವ ರೀತಿ ತೊಳೆಯೋದು? ಒಳಗೆ ಸೀಲರ್ ಲೇಪಿಸಬೇಕಾ? ಈಗ ಬಂಕಲ್ಲಿ ಸಿಗೋದು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಅನ್ನೋದೂ ಲೆಕ್ಕದಲ್ಲಿರಲಿ.

---

ಏರ್‌ಕೂಲ್ಡ್_ಮೈಸೂರು:

ನೀವು ಹೇಳಿದ ಲಕ್ಷಣ ಪಾಠದಲ್ಲಿ ಬರೆದ ಹಾಗಿದೆ. ಟ್ಯಾಂಕಿನ ತಳದ ಔಟ್‌ಲೆಟ್ಟಿನಲ್ಲಿ ಬೆರಳಿನಾಕಾರದ ಒಂದು ಸಣ್ಣ ಜಾಲರಿ ಇರುತ್ತೆ. ಜೋರಾಗಿ ಪೆಟ್ರೋಲ್ ಎಳೆದಾಗ ತುಕ್ಕಿನ ಪುಡಿ ಹೋಗಿ ಅದಕ್ಕೆ ಅಂಟಿಕೊಳ್ಳುತ್ತೆ, ದಾರಿ ಮುಚ್ಚುತ್ತೆ. ಎಂಜಿನ್ ನಿಂತ ಮೇಲೆ ಎಳೆತ ಇಲ್ಲ, ಪುಡಿ ಕಳಚಿ ಕೆಳಗೆ ಕೂರುತ್ತೆ, ಮತ್ತೆ ದಾರಿ ಬಿಡುತ್ತೆ.

ಆದರೆ ಬ್ರೀದರ್ (ಟ್ಯಾಂಕಿನೊಳಗೆ ಗಾಳಿ ಬಿಡುವ ನಳಿಗೆ) ಕಟ್ಟಿದ್ದರೂ ಇದೇ ಲಕ್ಷಣವೇ. ಹಾಗಾಗಿ ಟ್ಯಾಂಕ್ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಗಾಡಿ ನಿಂತ ಕೂಡಲೇ ಫಿಲ್ಲರ್ ಮುಚ್ಚಳ ತೆಗೆಯಿರಿ. 'ಸುಸ್' ಅಂತ ಗಾಳಿ ಒಳಗೆ ಹೋಗಿ, ಎಂಜಿನ್ ತಕ್ಷಣ ಸರಿಹೋದರೆ ತಪ್ಪು ಫಿಲ್ಲರ್ ಕತ್ತಿನ ಪಕ್ಕದ ಬ್ರೀದರ್ ನಳಿಗೆಯದು. ಕಣಜದ ಹುಳು ಗೂಡು ಕಟ್ಟಿದ್ದರೂ ಸಾಕು. ಸದ್ದೇ ಇಲ್ಲದಿದ್ದರೆ ಜಾಲರಿಯೇ.

ಆ ಕಾಫಿ ಗಸಿ ಪೂರ್ತಿ ತುಕ್ಕೇ ಅಂತಲೂ ಅಂದುಕೊಳ್ಳಬೇಡಿ. ಒಂದು ಚಮಚ ಬಿಳಿ ಬಟ್ಟೆ ಮೇಲೆ ಒಣಗಿಸಿ, ಮೇಲೆ ಎರಡು ಹನಿ ಅಸಿಟೋನ್ ಬಿಡಿ. ಕಂದು ಬಣ್ಣ ಕರಗಿ ಬಟ್ಟೆಗೆ ಹರಡಿದರೆ ಅದು ಹಳೇ ಪೆಟ್ರೋಲ್ ಕಟ್ಟಿದ ಅಂಟು, ಹುಳಿ ವಾಸನೆ ಬರುತ್ತೆ. ಕರಗದೆ ಮರಳಿನಂತೆ ಉಳಿದದ್ದು ತುಕ್ಕು. ಸಾಮಾನ್ಯವಾಗಿ ಎರಡೂ ಇರುತ್ತವೆ, ಅಂಟನ್ನು ಮೊದಲು ತೆಗೆಯದಿದ್ದರೆ ಯಾವ ಆಸಿಡ್ಡೂ ತುಕ್ಕಿನ ಹತ್ತಿರ ಹೋಗುವುದಿಲ್ಲ. ತೊಳೆದೂ ತೊಳೆದೂ ಹೋಗಲಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಈ ಹೆಜ್ಜೆಯನ್ನೇ.

ಬಿಚ್ಚುವುದು ಕಷ್ಟವಲ್ಲ. ಹಿಂದಿನ ಸೀಟಿನ ಕೆಳಗಿನ ಬ್ಯಾಟರಿ ಅರ್ತ್ ಮೊದಲು ತೆಗೆಯಿರಿ. ಫಿಲ್ಲರ್ ಮೂಲಕ ಕೈಪಂಪಿನಿಂದ ಪೆಟ್ರೋಲ್ ಖಾಲಿ ಮಾಡಿ, ಬಾಯಲ್ಲಿ ಎಳೆಯಬೇಡಿ. ಮುಂದಿನ ಡಿಕ್ಕಿಯ ರಟ್ಟಿನ ಹೊದಿಕೆ ತೆಗೆದರೆ ಟ್ಯಾಂಕ್ ಪೂರ್ತಿ ಕಾಣುತ್ತೆ. ನಿಮ್ಮ ಮಾಡೆಲಿನಲ್ಲಿ ಪೆಟ್ರೋಲ್ ಗೇಜ್ ಎಲೆಕ್ಟ್ರಿಕ್ ಅಲ್ಲ, ಸೆಂಡರಿನಿಂದ (ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಭಾಗ) ಡ್ಯಾಶ್‌ಬೋರ್ಡಿಗೆ ಕೇಬಲ್ ಇದೆ. ಅದನ್ನು ಮಡಚದೆ ಬಿಡಿಸಿ, ಮುರಿದರೆ ಹುಡುಕಾಟ ಶುರು. ಆಮೇಲೆ ಗಾಡಿ ಕೆಳಗಿನಿಂದ ಔಟ್‌ಲೆಟ್ ಹೋಸ್ ಕ್ಲ್ಯಾಂಪ್ ಮಾಡಿ ಕಳಚಿ. ಟ್ಯಾಂಕ್ ನಿಂತಿರುವುದು ನಾಲ್ಕು ಮೂಲೆಯ ನಾಲ್ಕು ಒತ್ತುಪಟ್ಟಿಗಳ ಮೇಲೆ, 13ರ ಸ್ಪ್ಯಾನರ್. ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಟ್ ಬಾಡಿಗೆ ಬೆಸೆದದ್ದು, ಬೋಲ್ಟ್ ಕತ್ತು ಮುರಿದರೆ ಅರ್ಧ ದಿನದ ಕೆಲಸ ಹೆಚ್ಚಾಯಿತು.

ತೀರ್ಮಾನ ಮಾಡುವುದು ಹೊರಗಿನಿಂದ. ಟ್ಯಾಂಕಿನ ಅಂಚು ಬಾಡಿ ಮೇಲೆ ಕೂರುವ ಜಾಗದಲ್ಲಿ ಒಂದು ಪಟ್ಟಿ ಇರುತ್ತೆ. ಬಾನೆಟ್ ರಬ್ಬರ್ ಸೋರಿದ ನೀರು ಅದರಡಿ ಸೇರಿ ಹೊರಗಿನಿಂದಲೇ ತಿಂದಿರುತ್ತೆ. ಮೊಂಡು ಸ್ಕ್ರೂಡ್ರೈವರಿನಿಂದ ಅಂಚಿನುದ್ದಕ್ಕೂ, ತಳದ ತಗ್ಗಿನಲ್ಲೂ ಹೆಬ್ಬೆರಳಿನಷ್ಟು ಬಲ ಕೊಟ್ಟು ಒತ್ತಿ. ತಗಡು ಬಗ್ಗಿ ಮತ್ತೆ ಮೊದಲಿನಂತಾದರೆ ಜೀವ ಇದೆ. ಬಿಸ್ಕತ್ತಿನಂತೆ ಪುಡಿಯಾದರೆ ಅಲ್ಲಿ ತಗಡಿಲ್ಲ, ತುಕ್ಕಷ್ಟೇ ನಿಂತಿದೆ. ಎರಡು-ಮೂರು ಸೂಜಿತೂತಿಗೆ ಬೆಸುಗೆ ಆಗುತ್ತೆ. ಅಂಗೈ ಅಗಲ ಪುಡಿಯಾದರೆ ಬೇರೆ ಟ್ಯಾಂಕ್ ನೋಡಿ.

---

ಗದಗ_ಗ್ಯಾರೇಜ್:

ಟಾಯ್ಲೆಟ್ ಆಸಿಡ್ ಬ್ಯಾಡ್ರಿ, ಅದನ್ನ ಮೊದಲ ಹೇಳಿಬಿಡತೀನಿ. ಅದು ಹೈಡ್ರೋಕ್ಲೋರಿಕ್. ತುಕ್ಕನ್ನೂ ತಿಂತದ, ತಗಡನ್ನೂ ತಿಂತದ. ಎಷ್ಟು ತೊಳದ್ರೂ ಜೋಡಿನ ಸಂದಿಯೊಳಗ ಕ್ಲೋರೈಡ್ ಉಳೀತದ, ಮುಂದ ಒಂದು ತಿಂಗಳಿಗೆ ಅಲ್ಲೇ ಮತ್ತ ತುಕ್ಕು.

ಬೀಟಲ್ ಟ್ಯಾಂಕ್ 40 ಲೀಟರ್. ಆ ಲೆಕ್ಕದಾಗ ಹೇಳತೀನಿ.

ಮೊದಲು ಅಂಟು. ಬಿಸಿನೀರು, ಪಾತ್ರೆ ತೊಳೆಯೋ ಲಿಕ್ವಿಡ್ 200 ಮಿಲಿ, ಜೋಡಿಗೆ ವಾಷಿಂಗ್ ಸೋಡಾ ಅರ್ಧ ಕೆಜಿ. ರಾತ್ರಿಯಿಡೀ ನೆನೆಸಿ, ಎರಡು ಸಲ ತೊಳೀರಿ. ಇದು ವಾಸನಿನೂ ತಗೀತದ. ಅಂಟು ಇನ್ನೂ ಇದ್ರ ಒಂದು ಲೀಟರ್ ಅಸಿಟೋನ್ ಹಾಕಿ ಹೊರಳಾಡಿಸಿ, ಬಯಲಿನಾಗ, ಬೀಡಿ-ಸಿಗರೇಟ್ ದೂರ.

ಆಮೇಲೆ ಸಡಿಲ ತುಕ್ಕು. ಮಂದಿ ನಟ್ಟು, ಸ್ಕ್ರೂ, ಜಲ್ಲಿ ಹಾಕಿ ಅಲ್ಲಾಡಸ್ತಾರ. ಜಲ್ಲಿ ಬ್ಯಾಡ, ಪುಡಿ ಆಗಿ ಜಾಲರಿಗೆ ಬರತದ. ಒಂದೂವರೆ ಮೀಟರ್ ಸಣ್ಣ ಸರಪಳಿ ಹಾಕ್ರಿ, ಒಂದ ತುಂಡು, ಬಾಲ ಹಿಡದು ಎಳದ್ರ ಪೂರ್ತಿ ಹೊರಗ ಬರತದ. ಸ್ಕ್ರೂನ ಹಾಕೋದಾದ್ರ ಎಣಿಸಿ ಹಾಕಿ, ಎಣಿಸಿ ತಗೀರಿ. ಹಳೇ ಚಾದರದಾಗ ಟ್ಯಾಂಕ್ ಸುತ್ತಿ ಇಬ್ಬರು ಹಿಡದು ಉರುಳಾಡಸ್ರಿ. ಭಾಳ ಹೊತ್ತು ಬ್ಯಾಡ, ತಗಡು ತೆಳ್ಳಗಾಗಿದ್ದ ಕಡೆ ಸರಪಳಿನ ತೂತು ಮಾಡತದ. ಆದರೂ ಆ ತೂತು ಈಗ ಕಂಡಿದ್ದ ಚಲೋ ಆತು ಅನ್ರಿ, ದಾರ್ಯಾಗ ಕಾಣೋದಕ್ಕಿಂತ.

ಈಗ ಖರೇ ತುಕ್ಕು. ಎರಡು ದಾರಿ ಅದಾವ.

ಒಂದು, ಸಿಟ್ರಿಕ್ ಆಸಿಡ್, ಅಂದ್ರ ಅಡಿಗಿಮನಿ ನಿಂಬೆ ಉಪ್ಪು. ಲೀಟರಿಗೆ 60 ಗ್ರಾಂ, ಒಟ್ಟು 2.4 ಕೆಜಿ. ಕೈ ತಡೀದಷ್ಟು ಬಿಸಿನೀರಾಗ ಕಲಸಿ ಬಾಯಿತನಕ ತುಂಬ್ರಿ. ಬಾಯಿತನಕ ಅಂತ ಒತ್ತಿ ಹೇಳಾಕತ್ತೀನಿ, ಯಾಕಂದ್ರ ತುಕ್ಕು ಹೆಚ್ಚು ಇರೋದು ಛಾವಣಿಗೆ. ನಿಂತ ಗಾಡ್ಯಾಗ ಖಾಲಿ ಜಾಗದ ಹಸಿಗಾಳಿ ಅಲ್ಲೇ ಹನಿಗಟ್ಟತದ. ಔಟ್‌ಲೆಟ್ಟಿಗೆ ರಬ್ಬರ್ ಬಿರಡಿ, ಜಾಲರಿ, ಸೆಂಡರ್ ಎರಡೂ ತಗದಿಡ್ರಿ. ಮುಚ್ಚಳ ಬಿಗೀಬ್ಯಾಡ್ರಿ, ಗ್ಯಾಸ್ ಹೊರಗ ಹೋಗಬೇಕು. 12 ತಾಸಿಗೆ ಒಮ್ಮೆ ನೋಡಿ, ಬೂದು ಬಣ್ಣದ ತಗಡು ಕಂಡ್ರ ಸಾಕು, 24 ತಾಸು ದಾಟಿಸಬ್ಯಾಡ್ರಿ.

ಎರಡನೇದು ಎಲೆಕ್ಟ್ರೋಲಿಸಿಸ್. ವಾಷಿಂಗ್ ಸೋಡಾ ಲೀಟರಿಗೆ 10 ಗ್ರಾಂ, ಅಂದ್ರ 400 ಗ್ರಾಂ. ಫಿಲ್ಲರ್ ಬಾಯಿಂದ 10 ಮಿ.ಮೀ. ಸಾದಾ ಕಬ್ಬಿಣದ ಕಂಬಿ ಇಳಿಬಿಡ್ರಿ, ಟ್ಯಾಂಕಿಗೆ ಎಲ್ಲಿನೂ ತಾಗಬಾರದು. ತೂತು ಕೊರೆದ ಪಿವಿಸಿ ಪೈಪಿನೊಳಗ ಕಂಬಿ ಇಟ್ರ ಚಿಂತಿಲ್ಲ. ಹಳೇ ಥರದ 12 ವೋಲ್ಟ್ ಚಾರ್ಜರ್, ಪ್ಲಸ್ ಕಂಬಿಗೆ, ಮೈನಸ್ ಟ್ಯಾಂಕಿಗೆ. ತಿರುವು ಮುರುವು ಮಾಡಿದ್ರ ಟ್ಯಾಂಕ ಕರಗತದ, ನೆನಪಿರಲಿ. 3ರಿಂದ 5 ಆಂಪ್ ಸಾಕು. ಕಂಬಿಗೆ ಕಂದು ಗಸಿ ಮೆತ್ತಕೊಂಡಾಗ ಕರೆಂಟ್ ಇಳೀತದ, ನಾಲ್ಕೈದು ತಾಸಿಗೊಮ್ಮೆ ಒರಸ್ರಿ. ಕಂಬಿ ಎದುರು ಕಾಣೋ ಜಾಗ ಮೊದಲು ಸ್ವಚ್ಛ ಆಗತದ, ಮೂಲಿ ಹಿಂದುಳೀತಾವ, ಅದಕ್ಕ ಅರ್ಧ ದಿನ ಫಿಲ್ಲರಿನಾಗ, ಅರ್ಧ ದಿನ ಸೆಂಡರ್ ತೂತಿನಾಗ ಕಂಬಿ ಇಡ್ರಿ. ಸ್ಟೇನ್‌ಲೆಸ್ ಕಂಬಿ ಬ್ಯಾಡ, ವಿಷದ ಕ್ರೋಮಿಯಂ ನೀರಿಗೆ ಬರತದ. ಏಳೋ ಗುಳ್ಳಿ ಹೈಡ್ರೋಜನ್, ಕಿಡಿ ತಾಗಿದ್ರ ಸಿಡೀತದ. ಕ್ಲಿಪ್ ತಗಿಯೋ ಮೊದಲು ಗ್ವಾಡಿ ಸ್ವಿಚ್ ಬಂದ್ ಮಾಡ್ರಿ. ಇದರಾಗ ಒಳ್ಳೆ ತಗಡು ಒಂದಿಷ್ಟೂ ಸವಿಯಂಗಿಲ್ಲ. ತೆಳ್ಳಗಾದ ಟ್ಯಾಂಕಿಗೆ ಇದ ಬೆಸ್ಟ್.

ಎಲ್ಲಾ ಕೆಡೋದು ಒಣಗಸೋದ್ರಾಗ. ಸಿಟ್ರಿಕ್ ಚೆಲ್ಲಿದ ಮ್ಯಾಲೆ ಅಡಿಗಿ ಸೋಡಾ ನೀರು, ಆಮೇಲೆ ಎರಡು ಸಲ ಸಾದಾ ನೀರು. ಆ ಕ್ಷಣದಿಂದ ಗಡಿಯಾರ ಓಡತದ: ಹತ್ತು ನಿಮಿಷಕ್ಕ ಅರಿಶಿನ ಬಣ್ಣದ ಹೊಸ ತುಕ್ಕು. ಮಂಗಳೂರಿನ ಹವಾದಾಗ ಇನ್ನೂ ಬೇಗ. ಅದಕ್ಕ ಸ್ಪಿರಿಟ್ ಒಂದು ಲೀಟರ್ ಮೊದಲ ತಂದಿಟ್ಟಿರ್ರಿ. ಹಾಕಿ, ಎಲ್ಲಾ ಮೂಲಿಗೆ ಹೊರಳಿಸಿ, ಚೆಲ್ಲಿ, ಮತ್ತೊಂದ ಸಲ ಸ್ವಲ್ಪ ಹಾಕಿ ಚೆಲ್ರಿ. ಸ್ಪಿರಿಟ್ ಆವಿ ಇರೋವಾಗ ಹೇರ್ ಡ್ರೈಯರ್ ಹಚ್ಚಬ್ಯಾಡ್ರಿ, ಅದರೊಳಗ ಕೆಂಪಗಾದ ತಂತಿ ಅದ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದೋ ಕಡೆ ಪೈಪ್ ಜೋಡಿಸಿ ಒಂದು ತಾಸು ದೂರದಿಂದ ಊದ್ರಿ. ಕೂಡಲೇ ಫಿಟ್ ಮಾಡಂಗಿಲ್ಲಂದ್ರ ಕಾಲು ಲೀಟರ್ ಟು-ಸ್ಟ್ರೋಕ್ ಆಯಿಲ್ ಹಾಕಿ ಒಳಗೆಲ್ಲಾ ಸವರಿಬಿಡ್ರಿ.

---

ತಗಡು_ಬೆಸುಗೆ:

ತೊಳೆಯುವುದರ ಬಗ್ಗೆ ಮೇಲಿನವರು ಎಲ್ಲ ಹೇಳಿದ್ದಾರೆ. ನಾನು ತೂತಿನ ಬಗ್ಗೆ ಮಾತ್ರ.

ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡಾ ಇದ್ದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಅದಕ್ಕಿಂತ ದಟ್ಟ. ಖಾಲಿ ಮಾಡಿ "ಒಣಗಿಸಿದ" ಟ್ಯಾಂಕ್ ನೇರ ಆ ಅಳತೆಯೊಳಗೆ ಬಂದು ಕೂರುತ್ತದೆ. ವಾಸನೆ ಇಲ್ಲ ಅನ್ನುವುದು ಪುರಾವೆ ಅಲ್ಲ. ತುಕ್ಕಿನ ಪದರದಡಿ ಅಡಗಿದ ಪೆಟ್ರೋಲ್ ಬಿಸಿ ತಾಗಿದಾಗ ಆವಿಯಾಗಿ ಹೊರಬರುತ್ತದೆ. ಆದ್ದರಿಂದ ಬೆಸುಗೆ ಯಾವಾಗಲೂ ಸೋಪು-ಸೋಡಾ ತೊಳೆತ, ತುಕ್ಕು ತೆಗೆತ ಎರಡೂ ಆದ ಮೇಲೆ, ಟ್ಯಾಂಕಿನೊಳಗೆ ನೀರು ತುಂಬಿಸಿ, ತೂತಿನ ಕೆಳಗೆ ಎರಡು ಬೆರಳಷ್ಟೇ ಖಾಲಿ ಬಿಟ್ಟು. ಟ್ಯಾಂಕನ್ನು ಓರೆ ಮಾಡಿ ತೂತು ಅತ್ಯಂತ ಮೇಲೆ ಬರುವ ಹಾಗೆ ಇಟ್ಟರೆ ಇದು ಸಾಧ್ಯ.

ಸೂಜಿತೂತಿಗೆ ಗ್ಯಾಸ್ ವೆಲ್ಡಿಂಗ್ ಬೇಡ. ತೆಳು ತಗಡು, ಒಂದು ತೂತು ಮುಚ್ಚಲು ಹೋಗಿ ಸುತ್ತ ನಾಲ್ಕು ಬೀಳುತ್ತವೆ. ಸೀಸ-ತವರದ ಬೆಸುಗೆಯೇ ಸರಿ. ದೊಡ್ಡ ತಾಮ್ರದ ಕೈಯ (ಕಾಯಿಸಿ ಬೆಸುಗೆ ಹಾಕುವ ಸಲಕರಣೆ), ಅರ್ಧ ಕೆಜಿ ತೂಗುವಂಥದ್ದು, ಟ್ಯಾಂಕಿನಿಂದ ದೂರ ಕಾಯಿಸಿ ತರಬೇಕು. ಟಾರ್ಚ್ ಜ್ವಾಲೆ ಟ್ಯಾಂಕಿನ ಹತ್ತಿರ ಬರಲೇಬಾರದು. ತೂತಿನ ಸುತ್ತ ಎರಡು ಸೆಂ.ಮೀ. ತಗಡು ಬೆಳ್ಳಗೆ ಹೊಳೆಯುವಷ್ಟು ಉಜ್ಜಿ, ಜಿಂಕ್ ಕ್ಲೋರೈಡ್ ಫ್ಲಕ್ಸ್ ಸವರಿ, ಮೊದಲು ಬರೇ ತವರ ಹತ್ತಿಸಿ. ಬೆಸುಗೆ ನೀರಿನಂತೆ ಹರಡಬೇಕು. ಮುತ್ತಿನಂತೆ ಉರುಳಿದರೆ ತಗಡು ಇನ್ನೂ ಕೊಳೆ ಅಥವಾ ಶಾಖ ಸಾಲದು. ಒಂದು ಮಿ.ಮೀ.ಗಿಂತ ದೊಡ್ಡ ತೂತಾದರೆ 22 ಗೇಜ್ ತಗಡಿನ ತೇಪೆ, ಸುತ್ತಲೂ 15 ಮಿ.ಮೀ. ಮೇಲೆ ಬರುವಷ್ಟು, ಮೂಲೆಗಳನ್ನು ದುಂಡು ಮಾಡಿ. ತೇಪೆಗೂ ಟ್ಯಾಂಕಿಗೂ ಬೇರೆ ಬೇರೆ ತವರ ಹತ್ತಿಸಿ, ಜೋಡಿಸಿ, ಕೈಯ ಇಟ್ಟು ಒತ್ತಿ. ಅಂಚಿನ ಸುತ್ತ ಹೊಳೆಯುವ ಗೆರೆ ಮುರಿಯದೆ ಕಾಣಬೇಕು. ಮುಗಿದ ಮೇಲೆ ಫ್ಲಕ್ಸನ್ನು ಬಿಸಿನೀರಿನಲ್ಲಿ ಪೂರ್ತಿ ತೊಳೆಯಬೇಕು, ಬಿಟ್ಟರೆ ತೇಪೆಯ ಸುತ್ತಲೇ ಹೊಸ ತುಕ್ಕು.

ಎಪಾಕ್ಸಿ ಪುಟ್ಟಿ ದಾರಿಯಲ್ಲಿ ಮನೆ ಮುಟ್ಟುವವರೆಗಿನ ಉಪಾಯ. ತುಕ್ಕಿನ ಮೇಲೆ ಮೆತ್ತಿದ್ದು ತುಕ್ಕಿನ ಜೊತೆಗೇ ಕಳಚುತ್ತದೆ.

ಸೋರಿಕೆ ಪರೀಕ್ಷೆಗೆ ಕಂಪ್ರೆಸರ್ ಹಚ್ಚಲೇಬೇಡಿ. ಲೆಕ್ಕ ಹಾಕಿ ನೋಡಿ: 60×40 ಸೆಂ.ಮೀ. ಚಪ್ಪಟೆ ತಗಡಿನ ಮೇಲೆ 0.2 ಬಾರ್ ಒತ್ತಡ ಅಂದರೆ ಸುಮಾರು 490 ಕೆಜಿ ಭಾರ. ಟ್ಯಾಂಕ್ ಪೂರಿಯಂತೆ ಉಬ್ಬುತ್ತದೆ, ಜೋಡು ಬಿಡುತ್ತದೆ. 0.1 ಬಾರ್ ಧಾರಾಳ ಸಾಕು. ಪಾರದರ್ಶಕ ಪೈಪನ್ನು U ಆಕಾರಕ್ಕೆ ಕಟ್ಟಿ ಬಣ್ಣದ ನೀರು ಹಾಕಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ಒಂದು ಮೀಟರ್ ಆದರೆ 0.1 ಬಾರ್. ಸೈಕಲ್ ಪಂಪಿನಿಂದ ಅಷ್ಟು ಏರಿಸಿ, ಸೋಪು ನೀರು ಸವರಿ. ಅರ್ಧ ಗಂಟೆ ಮಟ್ಟ ಇಳಿಯಬಾರದು. ನಡುವೆ ಬಿಸಿಲು ಬಿದ್ದರೆ ಮಟ್ಟ ತಾನೇ ಏರುತ್ತದೆ, ನೆರಳಲ್ಲೇ ಮಾಡಿ.

---

ಹಳೆಬಂಡಿ_ಹಾಸನ:

ಸೀಲರ್ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಮತ: ಹಾಕಿ. ಟ್ಯಾಂಕ್ ಬಿಚ್ಚಿದ್ದೇ ಬಿಚ್ಚಿದ್ದೀರಿ, ಒಳಗೆ ಎಪಾಕ್ಸಿ ಪದರ ಕೊಟ್ಟರೆ ಕಣ್ಣಿಗೆ ಕಾಣದ ಸೂಜಿತೂತುಗಳೂ ಮುಚ್ಚುತ್ತವೆ, ಕರಾವಳಿಯ ತೇವಕ್ಕೂ ತಡೆ.

---

ಏರ್‌ಕೂಲ್ಡ್_ಮೈಸೂರು:

ಹಾಸನದವರೇ, ಇಲ್ಲಿ ನನ್ನದು ಬೇರೆ ಅಭಿಪ್ರಾಯ. ತೂತಿಲ್ಲದ, ಸ್ವಚ್ಛವಾದ ಟ್ಯಾಂಕಿಗೆ ಸೀಲರ್ ಬೇಡ. ಬಳಸುವ ಗಾಡಿಯ ಟ್ಯಾಂಕ್ ಮುಕ್ಕಾಲು ತುಂಬಿದ್ದರೆ ತುಕ್ಕು ಹಿಡಿಯಲು ಜಾಗವೇ ಕಡಿಮೆ. ಸೀಲರ್ ಕೆಡುವ ರೀತಿಯೇ ಕೆಟ್ಟದ್ದು: ಪುಡಿಯಾಗಿ ಅಲ್ಲ, ಹಾಲಿನ ಕೆನೆಯಂತೆ ಹಾಳೆ ಹಾಳೆಯಾಗಿ ಏಳುತ್ತೆ. ಆ ಹಾಳೆ ಔಟ್‌ಲೆಟ್ ಮೇಲೆ ಕೂತರೆ ಜಾಲರಿಯನ್ನು ತೊಳೆದೂ ಪ್ರಯೋಜನವಿಲ್ಲ. ಹಳೇ ಕಾಲದ ಸೀಲರುಗಳಲ್ಲಿ ಎಷ್ಟೋ ಎಥನಾಲಿಗೆ ಮೆತ್ತಗಾಗುತ್ತವೆ. ತೆಗೆಯುವುದು ಹಾಕುವುದಕ್ಕಿಂತ ಹತ್ತು ಪಟ್ಟು ಕೆಲಸ.

ತಗಡು ತೆಳ್ಳಗಾಗಿ ಬದಲಿ ಟ್ಯಾಂಕೂ ಸಿಗದಿದ್ದಾಗ ಮಾತ್ರ ಹಾಕಿ. ಹಾಕುವುದೇ ಆದರೆ:

ಎಥನಾಲಿಗೆ ತಾಳುತ್ತೆ ಅಂತ ಡಬ್ಬದ ಮೇಲೆ ಬರೆದಿರುವ ಎರಡು ಭಾಗದ ಎಪಾಕ್ಸಿಯನ್ನೇ ತನ್ನಿ. ಒಳಗೆ ಎಣ್ಣೆ, ತೇವ ಒಂದು ಹನಿಯೂ ಇರಬಾರದು. ಮೇಲೆ ಹೇಳಿದ ಟು-ಸ್ಟ್ರೋಕ್ ಆಯಿಲ್ ಸವರಿದ್ದರೆ ಅದನ್ನು ಅಸಿಟೋನಿನಿಂದ ಪೂರ್ತಿ ತೊಳೆಯಬೇಕು. ಮಳೆ ಬರುವ ದಿನ ಮಾಡಬೇಡಿ. ಔಟ್‌ಲೆಟ್ಟಿಗೆ ಗ್ರೀಸ್ ಹಚ್ಚಿದ ಬೋಲ್ಟ್ ಹಾಕಿ. ಸುರಿದು, ಅರ್ಧ ಗಂಟೆ ಟ್ಯಾಂಕನ್ನು ಆರು ದಿಕ್ಕಿಗೂ ನಿಧಾನ ತಿರುಗಿಸಿ, ಉಳಿದದ್ದನ್ನು ಪೂರ್ತಿ ಬಸಿಯಿರಿ. ತಳದಲ್ಲಿ ಕೆರೆ ಕಟ್ಟಿದರೆ ಅದು ಮೇಲೆ ಗಟ್ಟಿ, ಒಳಗೆ ಮೆತ್ತಗೆ ಉಳಿಯುತ್ತೆ, ಏಳುವುದು ಅಲ್ಲಿಂದಲೇ. ಬ್ರೀದರ್ ನಳಿಗೆಗೆ ಗಟ್ಟಿಯಾಗುವ ಮೊದಲು ಗಾಳಿ ಊದಿ, ಇಲ್ಲದಿದ್ದರೆ ಮೊದಲನೇ ಪ್ರಶ್ನೆಗೇ ವಾಪಸ್ಸು ಬರುತ್ತೀರಿ. ಆಮೇಲೆ ಕನಿಷ್ಠ ನಾಲ್ಕು ದಿನ ಮುಟ್ಟಬೇಡಿ.

ಹೊಸ ಟ್ಯಾಂಕ್ ಬಗ್ಗೆ ಒಂದು ಮಾತು. ಬೀಟಲ್ ಟ್ಯಾಂಕುಗಳು ಹೊರದೇಶದಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತವೆ, ಅದೇ ಈ ಗಾಡಿಯ ಅದೃಷ್ಟ. ಆದರೆ ಏರ್ ಕೊರಿಯರಿನವರು ಗಾತ್ರಕ್ಕೆ ಬಿಲ್ ಹಾಕುತ್ತಾರೆ. ಪೆಟ್ಟಿಗೆ 90×70×35 ಸೆಂ.ಮೀ. ಇದ್ದರೆ 5000ದಿಂದ ಭಾಗಿಸಿ, 44 ಕೆಜಿ ಲೆಕ್ಕ, ಒಳಗಿನ ತಗಡು ಎಷ್ಟೇ ಹಗುರ ಇರಲಿ. ಮೇಲೆ ಕಸ್ಟಮ್ಸ್. ತರಿಸುವುದಾದರೆ 1961ರಿಂದ 67ರವರೆಗಿನದೇ ಅಂತ ಖಾತ್ರಿ ಮಾಡಿ. 1968ರಿಂದ ಹೊರಗಿನ ಫಿಲ್ಲರ್, ಎಲೆಕ್ಟ್ರಿಕ್ ಸೆಂಡರ್ ಬಂತು. ನಿಮ್ಮ ಬಾಡಿಗೆ, ಗೇಜಿಗೆ ಎರಡಕ್ಕೂ ಹೊಂದುವುದಿಲ್ಲ.

---

ಕರಾವಳಿ_ಗಾಲಿ:

ಎಲ್ಲರಿಗೂ ಥ್ಯಾಂಕ್ಸ್ ಮಾರಾಯ್ರೇ. ಮುಚ್ಚಳ ತೆಗೆದ ಪರೀಕ್ಷೆ ಆಯಿತು, ಸದ್ದಿಲ್ಲ. ಟ್ಯಾಂಕ್ ಬಿಚ್ಚಿ ಒತ್ತಿ ನೋಡಿದೆ: ಹಿಂದಿನ ಅಂಚಿನ ಹತ್ತಿರ ಒಂದೇ ಸೂಜಿತೂತು, ಉಳಿದ ಕಡೆ ಗಟ್ಟಿ ಇದೆ. ಎಲೆಕ್ಟ್ರೋಲಿಸಿಸ್, ಬೆಸುಗೆ, ಸೀಲರ್ ಇಲ್ಲ ಅಂತ ತೀರ್ಮಾನ. ವಾಪಸ್ ಕೂರಿಸುವಾಗ ಹೋಸ್, ಫಿಲ್ಟರ್ ಯಾವುದು, ಎಲ್ಲಿ ಹಾಕಬೇಕು? ಎಂಜಿನ್ ಹತ್ತಿರ ಪ್ಲಾಸ್ಟಿಕ್ ಫಿಲ್ಟರ್ ಒಂದು ಈಗ ಇದೆ.

---

ಏರ್‌ಕೂಲ್ಡ್_ಮೈಸೂರು:

ಆ ಪ್ಲಾಸ್ಟಿಕ್ ಫಿಲ್ಟರನ್ನು ಇವತ್ತೇ ತೆಗೆಯಿರಿ. ಪಂಪಿಗೂ ಕಾರ್ಬುರೇಟರಿಗೂ ನಡುವೆ ನೇತಾಡುತ್ತಿದ್ದರೆ ಅದರ ಭಾರ ಕಾರ್ಬುರೇಟರಿನ ಹಿತ್ತಾಳೆ ನಳಿಗೆಯನ್ನು ಜಗ್ಗುತ್ತೆ. ಆ ನಳಿಗೆ ಬರೇ ಒತ್ತಿ ಕೂರಿಸಿದ್ದು, ಸಡಿಲವಾಗಿ ಕಳಚಿದರೆ ಪೆಟ್ರೋಲ್ ಬೀಳುವುದು ಡಿಸ್ಟ್ರಿಬ್ಯೂಟರ್ ಮೇಲೆ. ಬೀಟಲ್‌ಗಳು ಹೊತ್ತಿಕೊಳ್ಳುವುದಕ್ಕೆ ಹೆಸರುವಾಸಿ ಕಾರಣ ಇದು. ಫಿಲ್ಟರಿನ ಜಾಗ ಎಂಜಿನ್ ಕೋಣೆಯ ಹೊರಗೆ, ಗೇರ್‌ಬಾಕ್ಸ್ ಪಕ್ಕ ಮೆಟಲ್ ಪೈಪ್ ಹೊರಬರುವ ಕಡೆ. ಪೈಪ್ ಎಂಜಿನ್ ಮುಂದಿನ ತಗಡನ್ನು ತೂರುವ ತೂತಿನಲ್ಲಿ ರಬ್ಬರ್ ಗ್ರೋಮೆಟ್ ಇರಲೇಬೇಕು, ಇಲ್ಲದಿದ್ದರೆ ತಗಡಿನ ಅಂಚು ಗರಗಸದ ಕೆಲಸ ಮಾಡುತ್ತೆ.

ಮೆಟಲ್ ಪೈಪ್ 6 ಮಿ.ಮೀ., ಹೋಸ್ ಒಳವ್ಯಾಸ 5 ಮಿ.ಮೀ. ಹಳೇ ಬಟ್ಟೆ ಹೆಣೆದ ಹೋಸ್ ನೋಡಲು ಚೆಂದ, ಇ20ಗೆ ಆಗಲ್ಲ. ಬಟ್ಟೆ ಮುಚ್ಚಿರುವುದರಿಂದ ಒಳಗಿನ ಬಿರುಕು ಕಾಣುವುದೂ ಇಲ್ಲ. ಎಸ್‌ಎಇ 30ಆರ್9 ಅಂತ ಅಚ್ಚಾದ ಹೋಸ್ ಕೇಳಿ ತನ್ನಿ. ಸೆಂಡರ್ ಗ್ಯಾಸ್ಕೆಟ್ ಕಾರ್ಕಿನದಾದರೆ ಅದನ್ನೂ ಬದಲಿಸಿ. ಟ್ಯಾಂಕ್ ಕೂರಿಸುವ ಮೊದಲು ಗಾಡಿಯ ನಡುವಿನ ಟನಲ್ ಒಳಗಿನ ಪೆಟ್ರೋಲ್ ಪೈಪಿಗೆ ಎರಡೂ ತುದಿ ಬಿಚ್ಚಿ, ಹಿಂದಿನಿಂದ ಮುಂದಕ್ಕೆ ಗಾಳಿ ಹೊಡೆಯಿರಿ. ಮೂರು ಮಳೆಗಾಲದ ಕಸ ಟ್ಯಾಂಕಲ್ಲಿ ಮಾತ್ರ ಇರಲ್ಲ, ಪಂಪಿನ ಜಾಲರಿ, ಕಾರ್ಬುರೇಟರಿನ ಫ್ಲೋಟ್ ಬಟ್ಟಲು, ನೀಡಲ್ ವಾಲ್ವ್ ಎಲ್ಲ ಕಡೆ ಇರುತ್ತೆ. ನೀಡಲ್ ಮೇಲೆ ಒಂದು ಕಣ ಕೂತರೂ ಕಾರ್ಬುರೇಟರ್ ಉಕ್ಕುತ್ತೆ.

ಪೆಟ್ರೋಲಲ್ಲಿ ಎಥನಾಲ್ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. 100 ಮಿಲಿ ಅಳತೆ ಗಾಜಿನಲ್ಲಿ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಕುಲುಕಿ ಇಡಿ. ಎಥನಾಲ್ ನೀರಿಗೆ ಇಳಿಯುತ್ತೆ. ಕೆಳಗಿನ ಪದರ 10ರಿಂದ ಸುಮಾರು 28ಕ್ಕೆ ಬೆಳೆದರೆ ಅದು ಇ20. ಟ್ಯಾಂಕಿನೊಳಗೆ ನೀರು ಸೇರಿದಾಗ ನಡೆಯುವುದೂ ಇದೇ: ಆ ಪದರ ತಳಕ್ಕೆ ಇಳಿದು ಔಟ್‌ಲೆಟ್ ಪಕ್ಕವೇ ಕೂತು ತಗಡು ತಿನ್ನುತ್ತೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಇ20 ಒಳಗೆ ಬಿಡಬೇಡಿ, ಬಸಿದು ಬಿಡಿ.

ಮೊದಲು ಐದು ಲೀಟರ್ ಮಾತ್ರ ಹಾಕಿ, ಟ್ಯಾಂಕಿನ ಕೆಳಗೆ ಬಿಳಿ ರಟ್ಟು ಹಾಸಿ ಒಂದು ರಾತ್ರಿ ಬಿಡಿ. ಫಿಲ್ಟರ್ 50 ಕಿ.ಮೀ.ಗೆ ಒಮ್ಮೆ, 200ಕ್ಕೆ ಇನ್ನೊಮ್ಮೆ ಬದಲಿಸಿ.

---

ಗದಗ_ಗ್ಯಾರೇಜ್:

ಒಂದು ಮಾತು ಬಿಟ್ಟಿತ್ತು. ಬಾಡಿ ಅಂಚಿನ ಪಟ್ಟಿ ಹಳೇದ ಹಾಕಬ್ಯಾಡ್ರಿ, ನೀರು ಕುಡದಿರತದ. ಬಾನೆಟ್ ರಬ್ಬರ್ ಸೋರೂದು ಹಂಗ ಬಿಟ್ರ ಅದ ಸೂಜಿತೂತಿನ ಪಕ್ಕದಾಗ ಇನ್ನೊಂದು ಬೀಳತದ. ಟ್ಯಾಂಕ್ ಕೂರಿಸಿ, ಬಾನೆಟ್ ಮುಚ್ಚಿ, ಹತ್ತು ನಿಮಿಷ ಪೈಪ್ ನೀರು ಬಿಡ್ರಿ. ತಗದು ಅಂಚಿನ ಮ್ಯಾಲೆ ಬೆರಳಾಡಿಸಿ ನೋಡ್ರಿ, ಒದ್ದಿ ಆದ್ರ ರಬ್ಬರಿಗೂ ರೊಕ್ಕ ತಗದಿಡ್ರಿ.